ಕುಂಬಳದ ಹೂವು ಕಲಿಸಿದ ಪಾಠ

ಮೂವತ್ತು ವರ್ಷ ಕಾಲೇಜಿನಲ್ಲಿ ಕಾವ್ಯಪಾಠ ಹೇಳಿದವನು ನಾನು. ಹೂವಿಗೂ ದುಂಬಿಗೂ ಇರುವ ನಂಟನ್ನು ಎಷ್ಟು ಸಲ ವರ್ಣಿಸಿದೆನೋ ಲೆಕ್ಕವಿಲ್ಲ. ಆ ನಂಟಿನ ಅರ್ಥ ಮಾತ್ರ ತಿಳಿದದ್ದು ನಿವೃತ್ತನಾದ ಮೇಲೆ, ಒಂದು ಕುಂಬಳದ ಬಳ್ಳಿಯ ಬಳಿ.

ನಮ್ಮ ಬಡಾವಣೆಯಲ್ಲಿ ಖಾಲಿ ಬಿದ್ದಿದ್ದ ನಿವೇಶನವೊಂದನ್ನು ಹತ್ತು ಮನೆಯವರು ಸೇರಿ ಹಸನು ಮಾಡಿ, ಮನೆಗೊಂದು ಮಡಿಯಂತೆ ಹಂಚಿಕೊಂಡೆವು. ನೀರಿನ ತೊಟ್ಟಿ ಒಂದೇ, ಗೊಬ್ಬರದ ಗುಂಡಿಯೂ ಒಂದೇ; ಮಡಿಗಳು ಮಾತ್ರ ಬೇರೆ ಬೇರೆ. ನನ್ನ ಮಡಿಯಲ್ಲಿ ಸಿಹಿಗುಂಬಳದ ಬೀಜ ಊರಿದೆ. ಬಳ್ಳಿ ಹಬ್ಬಿತು, ಹೊಂಬಣ್ಣದ ಹೂಗಳು ಅರಳಿದವು, ಅರಳಿದವೆಲ್ಲ ಉದುರಿದವು. ಎಲೆಗಳ ಮೇಲೆ ಕೆಂಪು ದುಂಬಿಗಳನ್ನು ಕಂಡು, ಇವೇ ಕಳ್ಳರೆಂದು ನಿಶ್ಚಯಿಸಿ, ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸತೊಡಗಿದೆ.

ಪಕ್ಕದ ಮಡಿ ಒಬ್ಬ ಅಜ್ಜಿಯದು. ಹಳ್ಳಿಯಲ್ಲಿ ಬೇಸಾಯ ಮಾಡಿ, ಈಗ ಮಗನ ಮನೆಯಲ್ಲಿ ನೆಲೆಸಿದವರು. ಅವರೂ ಕುಂಬಳವನ್ನೇ ಹಾಕಿದ್ದರು. "ಮೇಷ್ಟ್ರೇ, ನನ್ ಬಳ್ಳೀಲೂ ಹೀಚು ನಿಲ್ತಾ ಇಲ್ಲ. ನೀವು ಔಷಧಿ ಹೊಡೆಯೋಕೆ ಸುರು ಮಾಡಿದ್ಮೇಲೆ ಜೇನುನೊಣಾನೇ ಬರ್ತಿಲ್ಲ" ಎಂದರು ಒಂದು ದಿನ. ದನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ಮಾತು ಹೆಚ್ಚು ನಾಟಿತು.

ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆಯಾಗಿ ಅರಳುತ್ತವೆ. ಮೊದಮೊದಲು ಬರುವುವು ಸಾಮಾನ್ಯವಾಗಿ ಗಂಡು ಹೂಗಳೇ. ಅವು ಉದುರುವುದು ರೋಗವಲ್ಲ, ಸಹಜಧರ್ಮ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವಿರುತ್ತದೆ. ನಸುಕಿನಲ್ಲಿ ಅರಳಿದ ಹೂವು ನಡುಹಗಲಿನೊಳಗೆ ಮುಚ್ಚಿಕೊಳ್ಳುತ್ತದೆ. ಅದರ ಪರಾಗ ಜಿಗುಟು, ಭಾರ, ಗಾಳಿ ಹೊರಲಾರದು. ಆ ಒಂದೇ ಬೆಳಗಿನಲ್ಲಿ ಜೇನುನೊಣ ಗಂಡು ಹೂವಿನಿಂದ ಹೆಣ್ಣು ಹೂವಿಗೆ ಪರಾಗವನ್ನು ಒಯ್ಯದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ನಾನು ವಿಷ ಚೆಲ್ಲುತ್ತಿದ್ದುದು ಸರಿಯಾಗಿ ಆ ಗಳಿಗೆಯಲ್ಲೇ. ನನ್ನ ಮಡಿಯ ಬೆಳೆಯನ್ನು ಹಾಳುಮಾಡುವ ಅಧಿಕಾರ ನನಗಿತ್ತೇನೋ. ಅಜ್ಜಿಯ ಬೆಳೆಯನ್ನು ಹಾಳುಮಾಡುವ ಅಧಿಕಾರ ಖಂಡಿತ ಇರಲಿಲ್ಲ.

ದಾರಿಯನ್ನೂ ಅವರೇ ತೋರಿಸಿದರು. ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ಒಳಗಿನ ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಕೆಂಪು ದುಂಬಿಗಳು ಮುಂಜಾನೆ ಮಂಕಾಗಿರುತ್ತವೆ. ಕೈಯಿಂದ ಹಿಡಿದು ಸೋಪಿನ ನೀರಿಗೆ ಹಾಕಿದರಾಯಿತು. ಮೊದಲು ಅಜ್ಜಿಯ ಬಳ್ಳಿಯ ಹೂಗಳಿಗೆ ಸವರಿ, ಆಮೇಲೆ ನನ್ನವಕ್ಕೆ ಸವರಿದೆ. ವಾರದೊಳಗೆ ಅವರ ಬಳ್ಳಿಯಲ್ಲಿ ಮೂರು ಕಾಯಿ ನಿಂತವು, ನನ್ನದರಲ್ಲಿ ಒಂದು. ಕೆಲವು ವಾರಗಳಾದ ಮೇಲೆ ಜೇನುನೊಣಗಳೂ ಮರಳಿದವು.

ಮಡಿಗಳ ನಡುವೆ ನಾವು ಎಳೆದ ಗೆರೆ ಅವಕ್ಕೆ ತಿಳಿಯದು. ಹೊಸದಾಗಿ ಇಂಥ ತೋಟಕ್ಕೆ ಇಳಿಯುವವರಲ್ಲಿ ನನ್ನದೊಂದು ಬಿನ್ನಹ: ಔಷಧಿಗೆ ಕೈಹಾಕುವ ಮುನ್ನ ಒಂದು ಬೆಳಗ್ಗೆ ಬಳ್ಳಿಯ ಬಳಿ ಸುಮ್ಮನೆ ಕುಳಿತು ನೋಡಿ, ಪಕ್ಕದ ಮಡಿಯವರನ್ನು ಒಂದು ಮಾತು ಕೇಳಿ.