ಫುಟ್‌ಪಾತ್: ನಾವು ನಂಬಿದ್ದೇನು, ನಿಜವೇನು?

2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಬಡಾವಣೆಗಳು ಎದ್ದವು. 2011ರ ಜನಗಣತಿ ಹೊತ್ತಿಗೇ ಯಾದಗಿರಿ ನಗರದ ಜನಸಂಖ್ಯೆ 74 ಸಾವಿರ ಮುಟ್ಟಿತ್ತು. ಶಹಾಪುರ, ಸುರಪುರ 50 ಸಾವಿರ ದಾಟಿದ್ದವು. ಊರು ಬೆಳೆದಂತೆ ನಡೆಯುವವರ ಜಾಗ ಮಾತ್ರ ಕಿರಿದಾಗುತ್ತಲೇ ಹೋಯಿತು. ನಾವು ಪರೀಕ್ಷಿಸದೆ ಒಪ್ಪಿಕೊಂಡ ಕೆಲವು ನಂಬಿಕೆಗಳೂ ಇದಕ್ಕೆ ಕಾರಣ.

ತಪ್ಪು ಕಲ್ಪನೆ: ಮನೆಗೊಂದು ಬೈಕ್ ಇರುವಾಗ ನಡೆಯುವವರು ಯಾರಿದ್ದಾರೆ?

ಸತ್ಯ: 2011ರ ಜನಗಣತಿ ಪ್ರಕಾರ ದೇಶದ ಕೃಷಿಯೇತರ ಕೆಲಸಗಾರರಲ್ಲಿ ಶೇ 22ಕ್ಕೂ ಹೆಚ್ಚು ಮಂದಿ ನಡೆದೇ ಕೆಲಸಕ್ಕೆ ಹೋಗುತ್ತಿದ್ದರು, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದವರು ಸುಮಾರು ಶೇ 13. ಶಾಲೆಯ ಮಕ್ಕಳು, ಬಸ್ಸಿನಿಂದಲೋ ಟಂಟಂನಿಂದಲೋ ಇಳಿದು ದವಾಖಾನೆಗೆ, ತಹಶೀಲ್ದಾರ್ ಕಚೇರಿಗೆ, ಸಂತೆಗೆ ಹೋಗುವ ಹಳ್ಳಿಯವರು ಈ ಲೆಕ್ಕದಲ್ಲಿಲ್ಲ. ಬೈಕ್ ನಿಲ್ಲಿಸಿದ ಮೇಲೆ ಸವಾರನೂ ಪಾದಚಾರಿಯೇ.

ತಪ್ಪು ಕಲ್ಪನೆ: ಚರಂಡಿ ಮೇಲೆ ಚಪ್ಪಡಿ ಹಾಸಿದರೆ ಫುಟ್‌ಪಾತ್ ಆಯಿತು.

ಸತ್ಯ: ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಪ್ರಕಾರ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಬೇಕು; ಎತ್ತರ ರಸ್ತೆಯಿಂದ 15 ಸೆಂ.ಮೀ. ಮೀರಬಾರದು. ನಮ್ಮ ಮಾರುಕಟ್ಟೆ ಬೀದಿಗಳನ್ನು ನೋಡಿ. ಹೂಳೆತ್ತಲು ತೆಗೆದ ಚಪ್ಪಡಿ ಪಕ್ಕಕ್ಕೇ ಒರಗಿರುತ್ತದೆ, ಎತ್ತಿದ ಹೂಳು ಅದರ ಮುಂದೆಯೇ ಒಣಗುತ್ತಿರುತ್ತದೆ. ಆಮೇಲೆ ಅಂಗಡಿಯ ಮೆಟ್ಟಿಲು, ಅದರಾಚೆ ವಿದ್ಯುತ್ ಕಂಬ, ಕಂಬಕ್ಕೆ ತಾಗಿಸಿ ನಿಲ್ಲಿಸಿದ ಬೈಕ್. ನೂರು ಹೆಜ್ಜೆಯೊಳಗೆ ಹಲವು ಸಲ ರಸ್ತೆಗಿಳಿಯಬೇಕು. ಮೊಣಕಾಲು ನೋವಿನ ಅಜ್ಜಿ ಅಷ್ಟು ಸಲ ಹತ್ತಿ ಇಳಿಯಲಾರಳು. ಮೊದಲಿನಿಂದಲೇ ರಸ್ತೆಯಲ್ಲಿ ನಡೆಯುತ್ತಾಳೆ. ಫುಟ್‌ಪಾತ್ ಇದ್ದರೂ ಜನ ಬಳಸುವುದಿಲ್ಲ ಎಂದು ಅವಳನ್ನು ದೂರುವುದು ಅನ್ಯಾಯ.

ತಪ್ಪು ಕಲ್ಪನೆ: ತಳ್ಳುಬಂಡಿಯವರನ್ನು ಎಬ್ಬಿಸಿದರೆ ಎಲ್ಲ ಸರಿಹೋಗುತ್ತದೆ.

ಸತ್ಯ: ಬಂಡಿಗೆ ಗಾಲಿಯಿದೆ, ಸರಿಯುತ್ತದೆ. ಕಾಂಕ್ರೀಟ್ ಮೆಟ್ಟಿಲು, ಮುಂದಕ್ಕೆ ಚಾಚಿದ ಕಟ್ಟೆ, ದಿನವಿಡೀ ನಿಂತ ವಾಹನ ಸರಿಯುವುದಿಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಅವರ ಸಮೀಕ್ಷೆ ನಡೆಸಿ, ಪ್ರಮಾಣಪತ್ರ ಕೊಟ್ಟು, ಜಾಗ ಗೊತ್ತುಮಾಡಬೇಕೆನ್ನುತ್ತದೆ. ಇದಕ್ಕಾಗಿ ಕಾಯ್ದೆಯಡಿ ರಚಿಸುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40 ಸದಸ್ಯರು ವ್ಯಾಪಾರಿಗಳೇ ಇರಬೇಕು. ವ್ಯಾಪಾರಕ್ಕೊಂದು ಪಟ್ಟಿ, ನಡಿಗೆಗೊಂದು ಪಟ್ಟಿ ಗೆರೆ ಹಾಕಿ ಬಿಟ್ಟರೆ ಜಗಳವೇ ಇರುವುದಿಲ್ಲ. ಸಂಜೆ ಹೊತ್ತು ಬಂಡಿಗಳ ಬೆಳಕು ಇರುವ ಬೀದಿಯಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ ಎಂಬುದನ್ನೂ ಮರೆಯಬಾರದು.

ತಪ್ಪು ಕಲ್ಪನೆ: ರಸ್ತೆ ಅಗಲ ಮಾಡಿದರೆ ಅಪಘಾತ ತಗ್ಗುತ್ತದೆ.

ಸತ್ಯ: ರಸ್ತೆ ಅಗಲವಾದರೆ ವೇಗ ಹೆಚ್ಚುತ್ತದೆ, ದಾಟುವ ದೂರವೂ ಹೆಚ್ಚುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 32 ಸಾವಿರಕ್ಕೂ ಹೆಚ್ಚು ಪಾದಚಾರಿಗಳು ಸತ್ತರು. ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ ಹಾದುಹೋಗುವ ಶಹಾಪುರದಂಥ ಊರಿಗೆ ಬೇಕಾದದ್ದು ವೇಗ ತಗ್ಗಿಸುವ ಉಬ್ಬು ಜೀಬ್ರಾ ದಾಟು, ನಡುವೆ ನಿಂತುಕೊಳ್ಳಲು ವಿಭಜಕದಲ್ಲಿ ಜಾಗ, ರಾತ್ರಿ ದೀಪ.

ತಪ್ಪು ಕಲ್ಪನೆ: ಸುರಪುರದಂಥ ಹಳೆಯ ಊರಿನ ಇಕ್ಕಟ್ಟು ಬೀದಿಗಳಲ್ಲಿ ಏನೂ ಮಾಡಲಾಗದು.

ಸತ್ಯ: ನಾಯಕ ಅರಸರ ಕಾಲದ ಊರಿನ ಬೀದಿಗಳು ಮೊದಲಿಂದಲೂ ನಡೆಯುವವರವೇ. ಅಲ್ಲಿ ಪ್ರತ್ಯೇಕ ಫುಟ್‌ಪಾತ್‌ಗಿಂತ ಸಮನಾದ ನೆಲ ಮತ್ತು ನಿಧಾನ ವೇಗ ಮುಖ್ಯ. ಮಾರುಕಟ್ಟೆ ಹೊತ್ತಿನಲ್ಲಿ ನಾಲ್ಕು ಚಕ್ರದ ವಾಹನಗಳನ್ನು ಹೊರಗೇ ನಿಲ್ಲಿಸಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರಲ್ಲಿ ವಾರಾಂತ್ಯಕ್ಕೆ ವಾಹನ ಸಂಚಾರ ನಿಲ್ಲಿಸಿ ನೋಡಿದ್ದೂ ಇದೇ ದಾರಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಬೇವಿನ ಮರದ ನೆರಳೂ ಫುಟ್‌ಪಾತ್‌ನ ಭಾಗವೇ.

ಅಡ್ಡಿಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಹೇಳಿದೆ. ಆದ್ದರಿಂದ ಇದನ್ನು ಉಪಕಾರವೆಂದು ಬೇಡಬೇಕಿಲ್ಲ. ನಿಮ್ಮ ವಾರ್ಡಿನಲ್ಲಿ ಮುಂದಿನ ರಸ್ತೆ ಕಾಮಗಾರಿ ಶುರುವಾಗುವ ಮುನ್ನವೇ ನಗರಸಭೆಗೆ ಹೋಗಿ ನಕ್ಷೆ ಕೇಳಿ. ಅದರಲ್ಲಿ ನಡೆಯುವವರಿಗೆ 1.8 ಮೀಟರ್ ಇಲ್ಲದಿದ್ದರೆ ಆಕ್ಷೇಪಣೆಯನ್ನು ಬರೆದು ಕೊಟ್ಟು, ಸ್ವೀಕೃತಿ ಪಡೆದು ಬನ್ನಿ. ಕಾಂಕ್ರೀಟ್ ಬಿದ್ದ ಮೇಲೆ ಕೇಳಿದರೆ ತಡವಾಗಿರುತ್ತದೆ.