ಕುಣಿಗಲ್ಲಿನ ಕುದುರೆಯೂ ನನ್ನ ಮಂಡಿಯೂ

ಕಾರಿನ ಬಾಗಿಲು ತೆಗೆದು ಎಡಗಾಲು ಹೊರಗಿಟ್ಟೆ. ಬಲಗಾಲು ಬರಲಿಲ್ಲ. ಎರಡೂ ಕೈಯಲ್ಲಿ ತೊಡೆ ಹಿಡಿದು ಅದನ್ನೂ ಎತ್ತಿ ಹೊರಗಿಟ್ಟು, ಬಾಗಿಲಿಗೆ ಜೋತುಬಿದ್ದು ಎದ್ದು ನಿಂತೆ. ಕುಣಿಗಲ್ ಸ್ಟಡ್ ಫಾರ್ಮಿನ ಹತ್ತಿರದ ಟೀ ಅಂಗಡಿ. ಬೆಂಚಿನ ಮೇಲೆ ಕೂತಿದ್ದ ಯಜಮಾನರೊಬ್ಬರು ನನ್ನನ್ನೇ ನೋಡುತ್ತಿದ್ದರು. ಮುಖವನ್ನಲ್ಲ, ಕಾಲನ್ನು.

“ಯಾವ ಬೆಟ್ಟ ಸಾಮಿ?”

“ದೇವರಾಯನದುರ್ಗ.”

“ಇವತ್ತಾ?”

“ಇಲ್ಲ, ಶನಿವಾರ.”

“ಅಂಗಾದ್ರೆ ಇವತ್ತೇ ಜಾಸ್ತಿ ಇರ್ತದೆ. ನಾಳಿದ್ದಿಗೆ ಇಳೀತದೆ” ಎಂದು ಲೋಟ ಕೆಳಗಿಟ್ಟರು. ಅಂದು ಸೋಮವಾರ. ಮೂವತ್ತು ವರ್ಷ ಕುದುರೆ ನೋಡಿಕೊಂಡ ಸೈಸ್ ಅಂತೆ. ಎರಡು ಕಾಲಿನ ಪ್ರಾಣಿಯ ಕುಂಟನ್ನು ಗುರುತಿಸುವುದು ಅವರಿಗೆ ಯಾವ ಲೆಕ್ಕ!

ಮೂರು ದಿನ ರಜೆ ಹಾಕಿ ಹೊರಟವರು ನಾವು. ಬೆಂಗಳೂರು ಬಿಟ್ಟವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಲೇಬೇಕು; ಸುಮಾರು ಒಂದೂವರೆ ಗಂಟೆ ಕೂತ ಮೇಲೆ ಬರುವ ಒಳ್ಳೆಯ ನಿಲುಗಡೆ ಅದು. ಆದರೆ ಅಲ್ಲಿ ನಾವು ಮಾಡುವುದೇನು? ಕಾರಿನ ಸೀಟಿನಿಂದ ಎದ್ದು ಹೋಟೆಲಿನ ಕುರ್ಚಿಯಲ್ಲಿ ಕೂರುತ್ತೇವೆ. ನಾಮದ ಚಿಲುಮೆ ನೋಡಿ, ದೇವರಾಯನದುರ್ಗದ ಭೋಗನರಸಿಂಹನ ಗುಡಿಯವರೆಗೆ ವಾಹನದಲ್ಲಿ ಹೋಗಿ, ಅಲ್ಲಿಂದ ಯೋಗನರಸಿಂಹನ ಕಡೆಗೆ ಮೆಟ್ಟಿಲು ಹತ್ತಿದೆವು. ಸಮುದ್ರಮಟ್ಟದಿಂದ 3,900 ಅಡಿಯ ಆಸುಪಾಸಿನ ಬೆಟ್ಟ. ಹತ್ತುವಾಗ ಏದುಸಿರು ಬಂದದ್ದು ನಿಜ, ಕಾಲು ಮಾತ್ರ ತಕರಾರು ಮಾಡಲಿಲ್ಲ. ಇಳಿಯುವಾಗ ಮಗಳ ಕೈಯಲ್ಲಿದ್ದ ಚೀಲದ ಮೇಲೆ ಕೋತಿಯೊಂದು ಕಣ್ಣು ಹಾಕಿತು. ಅದನ್ನು ಓಡಿಸುವ ನೆಪದಲ್ಲಿ ನಾನು ಎರಡೆರಡು ಮೆಟ್ಟಿಲು ಧುಮುಕುತ್ತ ಇಳಿದೆ. ಐವತ್ತೆರಡರ ವಯಸ್ಸಿನಲ್ಲಿ ಮಗಳ ಮುಂದೆ ತೋರಿಸಿಕೊಳ್ಳುವ ಚಪಲ.

ರಾತ್ರಿ ಗುಬ್ಬಿಯಲ್ಲಿ ಅಕ್ಕನ ಮನೆ. ಭಾನುವಾರ ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ತೊಡೆ ಬಿಗಿದಿತ್ತು. ಚನ್ನಬಸವೇಶ್ವರನ ದರ್ಶನ ಹೇಗೋ ಆಯಿತು. ಮಧ್ಯಾಹ್ನ ಪಂಕ್ತಿಯಲ್ಲಿ ನೆಲಕ್ಕೆ ಕೂತವನು ಎಲೆ ಎತ್ತಿದ ಮೇಲೂ ಏಳಲಾಗದೆ, ಭಾವ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು. ಗುಬ್ಬಿಗೆ ಹೋಗಿ ನಾಟಕ ಕಂಪನಿಯನ್ನು ನೆನೆಯದೆ ಬರುವುದುಂಟೆ? 1884ರಲ್ಲಿ ಶುರುವಾದ ಕಂಪನಿ, ವೀರಣ್ಣನವರ ಕಾಲಕ್ಕೆ ಊರೂರು ಸುತ್ತುವ ಒಂದು ಸಣ್ಣ ಪಟ್ಟಣವೇ ಆಗಿತ್ತು. ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳೇ ಬರುತ್ತಿದ್ದವು. ಆ ಪರದೆ, ಆ ಪೆಟ್ಟಿಗೆ, ಆ ರಥಗಳನ್ನು ಎತ್ತಿ ಇಳಿಸಿದವರ ಸೊಂಟವನ್ನು ನೆನೆಯುತ್ತಲೇ ನಾನು ಸೋಮವಾರ ಬೆಳಗ್ಗೆ ನಮ್ಮ ಸೂಟ್‌ಕೇಸು ಡಿಕ್ಕಿಗೆ ಎತ್ತಿಟ್ಟೆ. ಸೊಂಟದಲ್ಲಿ ‘ಚಳಕ್’ ಎಂದಿತು. ತುಮಕೂರಿಗೆ ವಾಪಸು ಬಂದು, ಹೆಬ್ಬೂರು ದಾಟಿ ಕುಣಿಗಲ್ ಮುಟ್ಟುವ ಹೊತ್ತಿಗೆ ಆಸಾಮಿ ಈ ಸ್ಥಿತಿಯಲ್ಲಿದ್ದ.

ನೋವು ಇಳಿದದ್ದರಿಂದ ಬಂದದ್ದು, ಹತ್ತಿದ್ದರಿಂದಲ್ಲ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕಿನ ಕೆಲಸ ಮಾಡಬೇಕು, ಬಿಗಿಹಿಡಿದುಕೊಂಡೇ ಉದ್ದವಾಗಬೇಕು. ಆ ಎಳೆದಾಟದಲ್ಲಿ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಿಯುತ್ತವೆ. ನೋವು ಮಾರನೆಯ ದಿನ ತಲೆಯೆತ್ತಿ, ಎರಡನೆಯ ಮೂರನೆಯ ದಿನ ನೆತ್ತಿಗೇರುತ್ತದೆ. ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ’ ಎಂದು ಜಿಮ್ಮಿಗೆ ಹೋಗುವ ಹುಡುಗರು ಹೇಳುವುದು ಸುಳ್ಳು. ಅದು ಗಂಟೆ ಎರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ. ಇದರ ಜೊತೆಗೆ ಮಂಡಿಯ ಕೀಲಿನ ಮೇಲೆ ಪ್ರತಿ ಮೆಟ್ಟಿಲಿಗೂ ಮೈತೂಕದ ಮೂರು ಪಟ್ಟಿಗಿಂತ ಹೆಚ್ಚು ಭಾರ. ಸಮಾಧಾನದ ವಿಷಯವೆಂದರೆ ಸ್ನಾಯುವಿಗೆ ನೆನಪಿನ ಶಕ್ತಿ ಇದೆ. ಒಮ್ಮೆ ಸ್ವಲ್ಪ ನೊಂದದ್ದು ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಪ್ರವಾಸಕ್ಕೆ ಹದಿನೈದು ದಿನ ಮೊದಲು ಆಫೀಸಿನ ನಾಲ್ಕು ಮಹಡಿ ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಬೇಕಿತ್ತು ನಾನು. ಎಲ್ಲರೂ ಮಾಡುವುದು ಇದಕ್ಕೆ ತದ್ವಿರುದ್ಧ.

ಇಷ್ಟನ್ನು ಯಾವ ಫಿಸಿಯೋಥೆರಪಿಸ್ಟ್ ಆದರೂ ಹೇಳಿಯಾರು. ಸೈಸ್ ಯಜಮಾನರು ಹೇಳಿದ್ದು ಬೇರೆ.

“ಕುದ್ರೆನ ಲಾರಿಯಿಂದ ಇಳಿಸಿದ್ರೆ ಮೊದ್ಲು ನಡೆಸ್ತೀವಿ ಸಾಮಿ. ನೀರು, ಮೇವು ಎಲ್ಲ ಆಮೇಲೆ. ನೀವು ಇಳಿದೋರು ಸೀದಾ ಬೆಂಚು ಹುಡುಕ್ತಿದೀರಲ್ಲ?” ಕೂರಲು ಹೋದವನು ನಿಂತೆ. ಟೀ ಲೋಟ ಹಿಡಿದುಕೊಂಡೇ ರಸ್ತೆಯಂಚಿನಲ್ಲಿ ಅವರ ಜೊತೆ ಅತ್ತಿಂದಿತ್ತ ನಡೆಯಬೇಕಾಯಿತು. ಮನೆಯವಳೂ ಮಗಳೂ ಕಾರಿಗೆ ಒರಗಿ ತಮಾಷೆ ನೋಡುತ್ತಿದ್ದರು.

ಸ್ಟಡ್ ಫಾರ್ಮಿನ ಕಥೆ ಈ ಕಡೆಯವರಿಗೆ ಗೊತ್ತಿದ್ದದ್ದೇ. ಟಿಪ್ಪುವಿನ ಅಶ್ವದಳದ ಕಾಲದಿಂದ ಕುದುರೆ ಸಾಕಿದ ನೆಲ, ಆಮೇಲೆ ಬ್ರಿಟಿಷರ ಸೇನೆ, ಆಮೇಲೆ ಸರ್ಕಾರ, 1992ರಲ್ಲಿ ವಿಜಯ್ ಮಲ್ಯರ ಸಮೂಹದ ಕಂಪನಿಗೆ ಗುತ್ತಿಗೆ. ನಾನೂರಕ್ಕೂ ಹೆಚ್ಚು ಎಕರೆ. ಅದಿರಲಿ, ನನ್ನ ತಲೆಯಲ್ಲಿ ಉಳಿದದ್ದು ಕುದುರೆಯ ಕಾಲು.

ಕುದುರೆಯ ಮುಂಗಾಲಿನ ನಡುವೆ ಮಡಚುವ ಜಾಗವನ್ನು ಮಂಡಿ ಎನ್ನುತ್ತೇವೆ. ಮೂಳೆಯ ಲೆಕ್ಕದಲ್ಲಿ ಅದು ನಮ್ಮ ಮಣಿಕಟ್ಟು. ನಮ್ಮ ಮಂಡಿಗೆ ಸಮನಾದದ್ದು ಹಿಂಗಾಲಿನ ಮೇಲ್ಗಡೆ, ಹೊಟ್ಟೆಯ ಮಗ್ಗುಲಿಗಿದೆ. ಅಲ್ಲಿ ಒಂದು ಸೋಜಿಗ. ಕುದುರೆ ತನ್ನ ಮಂಡಿಚಿಪ್ಪನ್ನು ತೊಡೆಮೂಳೆಯ ಏಣಿಗೆ ಕೊಕ್ಕೆಯಂತೆ ಸಿಕ್ಕಿಸಿ ಬೀಗ ಹಾಕಿಕೊಳ್ಳಬಲ್ಲದು. ಸ್ನಾಯು ದಣಿಯದಂತೆ ನಿಂತೇ ತೂಕಡಿಸುವುದು ಹಾಗೆ. ದೇವರು ಆ ಬೀಗವನ್ನು ನಮಗೆ ಕೊಡಲಿಲ್ಲ. ಕೊಟ್ಟಿದ್ದರೆ ಮೆಜೆಸ್ಟಿಕ್‌ನಿಂದ ತುಮಕೂರಿಗೆ ನಿಂತು ಬರುವವರಿಗೆ ಎಷ್ಟು ಸುಖ! ಇನ್ನೊಂದು, ಕುದುರೆಗೆ ಮುಂಗಾಲಿನ ಆ ‘ಮಂಡಿ’ಯ ಕೆಳಗೆ ಮಾಂಸಖಂಡವೇ ಇಲ್ಲ, ಬರೀ ಮೂಳೆ, ನರ, ಚರ್ಮ. ಹಾಗಾದರೆ ಕಾಲಿಗೆ ಇಳಿದ ರಕ್ತ ಮೇಲೆ ಹತ್ತುವುದು ಹೇಗೆ? ಗೊರಸಿನಿಂದ. ಹೆಜ್ಜೆ ಊರಿದಾಗ ಗೊರಸಿನ ಒಳಗಿನ ಮೆತ್ತನೆಯ ಭಾಗ ಅದುಮಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಹೆಜ್ಜೆ ಹಾಕದಿದ್ದರೆ ಪಂಪು ನಿಂತಂತೆ. ಲಾಯದಲ್ಲೋ ಲಾರಿಯಲ್ಲೋ ನಿಂತೇ ಇದ್ದ ಕುದುರೆಯ ಕಾಲು ಬೆಳಗಿನ ಹೊತ್ತಿಗೆ ಊದಿಕೊಂಡಿರುತ್ತದೆ. ಯಜಮಾನರ ಮಾತಿನಲ್ಲಿ “ಕಾಲು ತುಂಬ್ಕೊಳ್ಳೋದು”. ಅದಕ್ಕೇ ದೂರದ ಪಯಣಕ್ಕೆ ಹೊರಡುವ ರೇಸ್ ಕುದುರೆಗೆ ಹತ್ತಿ ಇಟ್ಟು ಕಾಲಿಗೆ ಪಟ್ಟಿ ಸುತ್ತುವುದು, ನಡುನಡುವೆ ಲಾರಿ ನಿಲ್ಲಿಸುವುದು. ನಿಲ್ಲಿಸಿದಾಗ ಕತ್ತಿನ ಹಗ್ಗ ಸಡಿಲಿಸಿ ತಲೆ ಬಗ್ಗಿಸಲು ಬಿಡಬೇಕು. ತಲೆ ಮೇಲೆತ್ತಿಯೇ ಕಟ್ಟಿದ್ದರೆ ಧೂಳು, ಕಫ ಒಳಗೇ ಉಳಿದು ಶ್ವಾಸಕೋಶಕ್ಕೆ ರೋಗ ಹತ್ತುತ್ತದೆ.

ನಮ್ಮ ಗೊರಸು ಇರುವುದು ಮೀನಖಂಡದಲ್ಲಿ. ನಡೆದಾಗ ಅದು ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಕೂತಾಗ ಅದಕ್ಕೂ ರಜೆ. ರಾತ್ರಿ ಬಸ್ಸು ಇಳಿದಾಗ ಚಪ್ಪಲಿ ಬಿಗಿಯಾಗುವುದು ಕಾಲು ತುಂಬಿಕೊಂಡದ್ದಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ವರದಿಯ ಪ್ರಕಾರ ನಾಲ್ಕು ಗಂಟೆ ಮೀರಿ ಅಲುಗಾಡದೆ ಕೂತು ಪಯಣಿಸಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ದುಪ್ಪಟ್ಟು. ವಿಮಾನವಾಗಲಿ ಬಸ್ಸಾಗಲಿ ರೈಲಾಗಲಿ, ಎಲ್ಲಕ್ಕೂ ಅದೇ. ಹೆದರಬೇಕಿಲ್ಲ, ಆರೋಗ್ಯವಂತರಲ್ಲಿ ಅದು ಆರು ಸಾವಿರಕ್ಕೆ ಒಂದರ ಮಾತು. ಆದರೆ ಪ್ರವಾಸದ ನಂತರ ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯತೊಡಗಿದರೆ ಎಣ್ಣೆ ಹಾಕಿ ತಿಕ್ಕಬಾರದು, ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರೂ ಕಟ್ಟಿದರೆ ತಡಮಾಡುವಂತೆಯೇ ಇಲ್ಲ.

ಅಂಗಡಿಗಳಲ್ಲಿ ನೇತುಹಾಕಿರುವ ಆ ಕೋಡುಬಳೆಯಂಥ ಕತ್ತಿನ ದಿಂಬಿನ ಮೇಲೆ ನನಗೆ ನಂಬಿಕೆಯಿಲ್ಲ. ತೆಳು ಟವೆಲೊಂದನ್ನು ಸುರುಳಿ ಸುತ್ತಿ ಸೊಂಟದ ಹಿಂದಿಟ್ಟರೆ ಅದಕ್ಕಿಂತ ಹಿತ. ಹಿಂಜೇಬಿನ ಪರ್ಸು ತೆಗೆಯದೆ ಮೂರು ಗಂಟೆ ಕೂರುವವರಿಗೆ ಯಾವ ದಿಂಬೂ ದಕ್ಕದು. ಬಸ್ಸಿನ ಹಿಂದಿನ ಸೀಟು ಹಿಂಗಾಲಿಗಿಂತ, ಅಂದರೆ ಹಿಂದಿನ ಚಕ್ರಕ್ಕಿಂತ, ಆಚೆ ಇರುವುದರಿಂದ ಹಂಪಿನ ಪೆಟ್ಟು ಏತದ ತುದಿಯಂತೆ ದೊಡ್ಡದಾಗಿ ಬೀಳುತ್ತದೆ. ಬೆನ್ನುನೋವಿರುವವರು ನಡುವಿನ ಸೀಟು ಕೇಳಿ ಪಡೆಯಬೇಕು.

“ಲಗೇಜು?” ಎಂದು ಯಜಮಾನರನ್ನು ಕೇಳಿದೆ. ‘ಚಳಕ್’ ನೆನಪಾಗಿತ್ತು.

“ಲಾರಿಯಿಂದ ಇಳಿದ ಕುದ್ರೆ ಮೇಲೆ ಆಗ್ಲೇ ಯಾರಾದ್ರೂ ಜೀನು ಹಾಕ್ತಾರಾ?”

ಆಮೇಲೆ ನನ್ನ ಬೂಟು ಬಿಚ್ಚಿಸಿದರು. ಮಗುಚಿ ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಹಿಮ್ಮಡಿಯ ಹೊರಮಗ್ಗುಲನ್ನು ಸವರಿದರು. ಅಲ್ಲಿ ರಬ್ಬರು ನುಣ್ಣಗೆ ಸವೆದು ಒಳಗಿನ ಬಿಳುಪು ಕಾಣುತ್ತಿತ್ತು. ಐದು ವರ್ಷ ಹಾಕಿಕೊಂಡ ನಾನೇ ನೋಡಿರಲಿಲ್ಲ. ಕಲ್ಲುಮೆಟ್ಟಿಲಿನಲ್ಲಿ ಜಾರದೆ ಬಂದದ್ದು ನರಸಿಂಹನ ದಯೆ.

“ಒಂದ್ ಕಡೆಗೆ ವಾಲಿ ತುಳೀತೀರಿ. ಲಾಳ ಬದಲಾಯಿಸಿ” ಎಂದು ಬೂಟು ಕೊಟ್ಟರು.

ಟೀ ದುಡ್ಡನ್ನೂ ಅವರೇ ಕೊಟ್ಟುಬಿಟ್ಟಿದ್ದರು. ಹೊರಟೆವು. ಮುಕ್ಕಾಲು ಗಂಟೆಯೂ ಆಗಿರಲಿಲ್ಲ, ಸೋಲೂರಿನ ಹತ್ತಿರ ಮಗಳು ಕಾರು ಪಕ್ಕಕ್ಕೆ ಹಾಕಿಸಿದಳು. ಇಳಿದು ಬಂದು ನನ್ನ ಬಾಗಿಲು ತೆಗೆದು, “ಇಳಿಯಪ್ಪಾ, ನಿನ್ನನ್ನ ನಡೆಸೋ ಟೈಮಾಯ್ತು” ಎಂದಳು. ನೆಲಮಂಗಲದಲ್ಲಿ ಇನ್ನೊಂದು ಸಲ. ಮಂಗಳವಾರ ಬೆಳಗ್ಗೆಯೂ ಮನೆಯ ಮೆಟ್ಟಿಲನ್ನು ನಾನು ಹಿಮ್ಮುಖವಾಗಿಯೇ ಇಳಿದೆ. ಬುಧವಾರ, ಯಜಮಾನರು ಹೇಳಿದಂತೆ, ಮುಂದಕ್ಕೆ ನೋಡಿಕೊಂಡು.