ಎಲೆಗಳ ನಡುವೆ ಒಂದು ಕಣ್ಣು

ಪುನರ್ವಸು ಮಳೆ ಹಿಡಿದಿದೆ. ಆಗುಂಬೆಯ ಕಾಡಿನಲ್ಲಿ ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಹಳ್ಳದ ದಂಡೆಯಲ್ಲಿ ಕಪ್ಪೆಗಳ ವಟವಟ, ಕಾಲಿಗೆ ಉಂಬಳಗಳ ಕಾಟ. ಟಾರ್ಚಿನ ಬೆಳಕು ಜರಿಗಿಡಗಳನ್ನೂ ಹಾವಸೆಗಟ್ಟಿದ ಕೊಂಬೆಗಳನ್ನೂ ಸವರುತ್ತ ಸಾಗಿ, ಸೊಂಟದೆತ್ತರದ ಒಂದು ಟೊಂಗೆಯ ಮೇಲೆ ತಟ್ಟನೆ ನಿಲ್ಲುತ್ತದೆ. ಹಾವಸೆಯ ನಡುವೆ ಒಂದು ಕಣ್ಣು! ಭತ್ತದ ಕಾಳನ್ನು ನೆಟ್ಟಗೆ ನಿಲ್ಲಿಸಿದಂಥ ಪಾಪೆ. ಆಮೇಲೆ ತ್ರಿಕೋನದ ತಲೆ ಕಾಣುತ್ತದೆ, ಕೊನೆಗೆ ಸುರುಳಿ ಸುತ್ತಿದ ಮೈ.

ಇದು ಮಲಬಾರ್ ಗುಳಿಮಂಡಲ. ಪಶ್ಚಿಮಘಟ್ಟದ ಕಾಡು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಟಿ. ಸಿ. ಜರ್ಡನ್ 1854ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ. ಒಂದೇ ಜಾತಿಯಾದರೂ ಬಣ್ಣ ಹತ್ತು ಬಗೆ: ಒಂದು ಹಾವಸೆ ಹಸಿರು, ಇನ್ನೊಂದು ಒಣಗಿದ ತರಗೆಲೆಯ ಕಂದು, ಮತ್ತೊಂದು ಹಳದಿ. ಕಿತ್ತಳೆ ಬಣ್ಣದವೂ ಉಂಟು. ಎಲ್ಲವುಗಳ ಮೈಮೇಲೂ ಕಾಡೇ ಕೈಯಾರೆ ಬಳಿದಂಥ ಗೀರು, ಮಚ್ಚೆ.

ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎರಡೂ ಕಡೆ ಒಂದೊಂದು ಗುಳಿ. ಹೆಸರು ಬಂದದ್ದು ಅದರಿಂದಲೇ. ಗುಳಿಯೊಳಗೆ ಬಿಗಿದ ತೆಳುಪೊರೆ ಎದುರಿನ ಜೀವದ ಮೈಕಾವನ್ನು ಗ್ರಹಿಸುತ್ತದೆ. ಕಗ್ಗತ್ತಲಲ್ಲಿ ಇಲಿಯೊಂದು ಹಾದುಹೋದರೂ ಅದರ ಬಿಸಿ ಹಾವಿಗೆ ಗೊತ್ತಾಗುತ್ತದೆ. ಹಾಗಾಗಿ ಬೇಟೆಗೆಂದು ಇದು ಅಲೆಯುವುದಿಲ್ಲ, ಕಾಯುತ್ತದೆ. ಬಾಲವನ್ನು ಟೊಂಗೆಗೆ ಸುತ್ತಿ, ತಲೆಯನ್ನು ಕಪ್ಪೆಯ ದಾರಿಗೆ ಒಡ್ಡಿ, ಮಳೆ ಮೈಮೇಲೆ ಸುರಿದರೂ ಕದಲದೆ ಕೂರುತ್ತದೆ. ನಿನ್ನೆ ಕಂಡ ಟೊಂಗೆಯಲ್ಲೇ ಇವತ್ತೂ ಸಿಗುವುದುಂಟು. ಕಾಡಿನಲ್ಲಿ ಇಂಥ ತಾಳ್ಮೆಯನ್ನು ನಾನು ಬೇರೆ ಪ್ರಾಣಿಯಲ್ಲಿ ಕಂಡಿಲ್ಲ.

ಎರಗುವ ಗಳಿಗೆ ಮಾತ್ರ ಕಣ್ಣಿಗೆ ನಿಲುಕದು. ಮಡಚಿಟ್ಟ ವಿಷದ ಹಲ್ಲು ಮುಂದಕ್ಕೆ ಚಾಚಿಕೊಂಡು ಕಪ್ಪೆಗೋ ಹಲ್ಲಿಗೋ ನಾಟುತ್ತದೆ. ಟೊಂಗೆಯ ಮೇಲಿನ ಬೇಟೆ ಕೈತಪ್ಪಿ ಕೆಳಗೆ ಬಿದ್ದರೆ ಹೋದಂತೆಯೇ. ಆದ್ದರಿಂದ ಕಚ್ಚಿದ್ದನ್ನು ಸಾಮಾನ್ಯವಾಗಿ ಬಿಡದೆ ಹಿಡಿದಿರುತ್ತದೆ. ಮೊಟ್ಟೆಯಿಡುವ ಜಾತಿಯಲ್ಲ, ಮರಿ ಹಾಕುತ್ತದೆ. ಆ ಪುಟ್ಟ ಮರಿಗಳಿಗೂ ಹುಟ್ಟುವಾಗಲೇ ವಿಷವಿರುತ್ತದೆ.

ಮನುಷ್ಯರಿಗೆ ಕಚ್ಚಿದರೆ ತೀವ್ರ ನೋವು, ಬಾವು ಬರುತ್ತದೆ; ಸಾವು ಅಪರೂಪ. ಆದರೆ ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ತಯಾರಾಗಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲಗಳ ವಿಷಕ್ಕೆ. ಗುಳಿಮಂಡಲದ ವಿಷಕ್ಕೆಂದೇ ಮಾಡಿದ ಮದ್ದು ನಮ್ಮಲ್ಲಿಲ್ಲ.

ಮಳೆಗಾಲದ ರಾತ್ರಿ ಈ ಕಾಡಿಗೆ ಬರುವವರಲ್ಲಿ ಒಂದು ಕೋರಿಕೆ. ಟಾರ್ಚ್ ಹಿಡಿದು ನಡೆಯಿರಿ, ಟೊಂಗೆಯನ್ನು ನೋಡದೆ ಕೈ ಊರಬೇಡಿ. ಫೋಟೊ ಚೆನ್ನಾಗಿ ಬರಲೆಂದು ಹಾವನ್ನು ಕೋಲಿನಿಂದ ಎಬ್ಬಿಸಬೇಡಿ. ಎಷ್ಟೋ ರಾತ್ರಿ ಕಾದು ಕೂತ ಜಾಗ ಅದು.